ಇಲಿ ಮೇಷ್ಟ್ರು

ಬೀಗ ತೆಗೆದು ರೇಣುಕಯ್ಯ ಶಾಲೆಯೊಳಗೆ ಕಾಲಿಟ್ಟಾಗ ಇಲಿ ಇನ್ನೂ ಬದುಕಿತ್ತು. ಗೋಡೆಯ ಬುಡದಿಂದ ಹೊರಟು ಕೋಣೆಯ ನಟ್ಟನಡುವಿಗೆ ನಡೆದು ಬರುತ್ತಿತ್ತು, ಓಡುತ್ತಿರಲಿಲ್ಲ. ಮನುಷ್ಯನೊಬ್ಬ ನಿಂತಿದ್ದಾನೆಂಬುದೇ ತಿಳಿಯದಂತೆ ಅವನ ಕಾಲಿನ ಕಡೆಗೇ ಬಂದು, ಕುಡಿದವರ ಹಾಗೆ ಒಂದು ಸುತ್ತು ತಿರುಗಿ, ಹಿಂಗಾಲು ಸೋತು ಕೂತು, ಪಕ್ಕಕ್ಕೆ ಉರುಳಿತು. ಮೂತಿಯ ಹತ್ತಿರ ಚೂರು ರಕ್ತ. ಹೊಟ್ಟೆ ಸ್ವಲ್ಪ ಹೊತ್ತು ಏರಿಳಿದು ನಿಂತುಹೋಯಿತು. ಅವನಿಗೆ ಮೊದಲು ಹೊಳೆದದ್ದು ಊರಿನ ಮಕ್ಕಳೂ ಅಲ್ಲ, ತನ್ನ ಮಗಳೂ ಅಲ್ಲ, ಇವತ್ತೇ ಆಗಬೇಕಿತ್ತೇ ಎಂಬ ಮಾತು. ಹಾಗೆ ಹೊಳೆದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾಗುತ್ತಿದ್ದಾಗಲೇ ಕೈ ತನ್ನ ಪಾಡಿಗೆ ಬಗ್ಗಿ, ಬಾಲ ಹಿಡಿದು ಇಲಿಯನ್ನು ಎತ್ತಿತ್ತು. ಹಿತ್ತಲ ಬಾಗಿಲಿಂದ ಆಚೆ ಹೋಗಿ ಪಾಪಾಸುಕಳ್ಳಿಯ ಬೇಲಿಯೊಳಕ್ಕೆ ಎಸೆದ. ಬಾಲದ ತಣ್ಣನೆಯ ಒರಟುತನ ಎರಡು ಬೆರಳಿನಲ್ಲಿ ಉಳಿಯಿತು. ಮಣ್ಣು ತಿಕ್ಕಿ ತೊಳೆದ, ಬೂದಿ ತಿಕ್ಕಿ ತೊಳೆದ, ಮೂಸಿ ನೋಡಿದ. ಏನೂ ವಾಸನೆ ಇರಲಿಲ್ಲ. ಒಳಗೆ ಬಂದು ಪೊರಕೆ ಹಿಡಿದು ತಾನೇ ಗುಡಿಸಿದ. ಇಲಿ ಬಿದ್ದಿದ್ದ ಜಾಗದ ಮೇಲೆ ಮೈಸೂರಿನಿಂದ ಬರುವವರಿಗಾಗಿ ತರಿಸಿದ್ದ ಹೊಸ ಚಾಪೆ ಹಾಸಿದ.

ಗುಂಡಜ್ಜಿಪಾಳ್ಯದ ಶಾಲೆಯೆಂದರೆ ಪಟೇಲ ಶಂಕರಲಿಂಗಪ್ಪನ ಮನೆಗೆ ಅಂಟಿಕೊಂಡಿದ್ದ ಒಂದು ಉದ್ದನೆಯ ಕೋಣೆ. ಗೋಡೆಯ ಆಚೆ ಪಟೇಲನ ಕಡಲೆಕಾಯಿ ಮೂಟೆಗಳಿದ್ದವು. ಮಿಡಿಗೇಶಿ ದಾಟಿ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಇಂಥದೊಂದು ಊರು ಇದೆಯೆಂದು ಮೈಸೂರಿನ ಯೂನಿವರ್ಸಿಟಿಯವರಿಗೆ ಹೇಗೆ ತಿಳಿಯಿತೋ, ಹೋದ ವರ್ಷ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಒಂದೊಂದು ಹಳ್ಳಿ ಶಾಲೆಯನ್ನು ಆರಿಸಿದಾಗ ಮಧುಗಿರಿಯ ಪಾಲಿಗೆ ಇದು ಬಂದಿತ್ತು. ಸುಗ್ಗಿಗೊಮ್ಮೆ, ಬೇಸಿಗೆಗೊಮ್ಮೆ ಸಂಗೀತದ ಅಧ್ಯಾಪಕರಾದ ನಂದೀಶ್ವರಯ್ಯನವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತಂಬೂರಿಯೊಂದಿಗೆ ಕಾರಿನಲ್ಲಿ ಬರುವರು. ಮಕ್ಕಳಿಗೆ ಸ್ವರ ಹೇಳಿಕೊಡುವರು. ರಾಗಿ ಬೀಸುವ ಹೆಂಗಸರ ಹಾಡು, ಕುರಿ ಕಾಯುವವರ ಹಾಡು ಕೇಳಿ ತಾವು ಕಲಿತುಕೊಂಡು ಹೋಗುವರು. ಕೊಡುವುದೂ ಉಂಟು, ತೆಗೆದುಕೊಳ್ಳುವುದೂ ಉಂಟು, ಆದ್ದರಿಂದ ನೀವು ನಮಗೆ ಜೊತೆಗಾರರು ಎಂದು ನಂದೀಶ್ವರಯ್ಯನವರು ಮೊದಲ ಸಲ ಬಂದಾಗಲೇ ಹೇಳಿದ್ದರು. ಆ ಮಾತನ್ನು ರೇಣುಕಯ್ಯ ಎಷ್ಟೋ ಸಲ ತನ್ನಷ್ಟಕ್ಕೆ ಹೇಳಿಕೊಂಡು ನೋಡಿದ್ದ. ಇವತ್ತು ಅವರು ಬರುವುದು ಮೈಸೂರಿನ ಸಭೆಯಲ್ಲಿ ಹಾಡಲು ಮಕ್ಕಳನ್ನು ಆರಿಸುವುದಕ್ಕೆ. ಅವನ ಮಗಳು ಗಂಗು ಹಾಡುತ್ತಾಳೆ. ತಾಯಿಯಿಲ್ಲದ ಹುಡುಗಿ, ಬೆಳಿಗ್ಗೆ ತಾನೇ ಜಡೆ ಹೆಣೆದುಕೊಂಡು ಅಪ್ಪನ ಮುಂದೆ ನಿಂತು, ಸರಿಯಾಗಿದೆಯಾ ಎಂದು ಕೇಳಿದ್ದಳು.

ಪ್ಲೇಗಿನ ಇಲಿ ಬಿದ್ದರೆ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಪಟೇಲನಿಗೆ ಹೇಳಬೇಕು, ಡಂಗುರ ಹೊಡೆಸಬೇಕು, ಊರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಎರಡು ವರ್ಷದ ಹಿಂದೆ ಹಾಗೆಯೇ ಮಾಡಿದ್ದ. ಇದೇ ಕೋಣೆಯಲ್ಲಿ ಒಂದು ಸತ್ತ ಇಲಿ ಕಂಡಿತ್ತು. ನೋಡಿದ್ದೇ ತಡ ಪುಸ್ತಕ ಬಿಸುಟು ಬೀದಿಗೆ ಓಡಿ ಕೂಗಿದ್ದ. ಪುಷ್ಯಮಾಸದ ಚಳಿ. ಊರು ಒಂದು ತಿಂಗಳು ಸೋಗೆಯ ಕೆಳಗೆ ಮಲಗಿತು. ಯಾರಿಗೂ ಒಂದು ಗಡ್ಡೆ ಏಳಲಿಲ್ಲ, ಜ್ವರ ಬರಲಿಲ್ಲ. ಕಾಳಿಗೆ ಹುಳು ಬೀಳದಿರಲೆಂದು ಪಟೇಲನ ಆಳು ಇಟ್ಟಿದ್ದ ಔಷಧಿ ತಿಂದು ಆ ಇಲಿ ಸತ್ತಿತ್ತೆಂದು ಆಮೇಲೆ ತಿಳಿಯಿತು. ಸತ್ತದ್ದು ಒಂದೇ ಜೀವ. ಶಾಲೆ ಗುಡಿಸುವ ಕುರುಬರ ಕೆಂಪಕ್ಕನ ಮಗಳ ಕೂಸು, ಇನ್ನೂ ಹೆಸರಿಡದಿದ್ದ ಗಂಡುಮಗು, ಗುಡಿಸಲಿನಲ್ಲಿ ಚಳಿ ಹತ್ತಿ ಉಸಿರು ಕಟ್ಟಿ ಹೋಯಿತು. ಕೆಂಪಕ್ಕನ ಮಗಳು ಊರೇ ಬೇಡವೆಂದು ಗಂಡನ ಜೊತೆ ಹೊಸಕೋಟೆ ಕಡೆಗೆ ಕುರಿ ಹೊಡೆದುಕೊಂಡು ಹೋದಳು. ದೊಡ್ಡ ಹುಡುಗಿ ಹೊನ್ನಿಯನ್ನು ಅಜ್ಜಿಯ ಹತ್ತಿರ ಬಿಟ್ಟಳು. ಊರು ಅವನಿಗೆ ಇಲಿ ಮೇಷ್ಟ್ರು ಎಂದು ಹೆಸರಿಟ್ಟಿತು. ಎದುರಿಗೆ ಯಾರೂ ಅನ್ನಲಿಲ್ಲ. ಆದರೆ ಅವನು ಬೀದಿಯಲ್ಲಿ ನಡೆದರೆ ಜಗುಲಿಯ ಮೇಲೆ ಯಾರೋ ಇಲಿಯ ಹಾಗೆ ಕಿಚಕಿಚ ಮಾಡುವರು, ತಿರುಗಿ ನೋಡಿದರೆ ಎಲೆಯಡಿಕೆ ಮಡಿಸುತ್ತಿರುವರು. ಕೆಂಪಕ್ಕ ಮಾತ್ರ ಏನೂ ಅನ್ನಲಿಲ್ಲ. ಮೊದಲಿನ ಹಾಗೆಯೇ ಬಂದು ಗುಡಿಸಿ, ಸಾರಿಸಿ ಹೋಗುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಡು ಬಂದ ಮೇಲೆ ಕಿಚಕಿಚ ನಿಂತಿತು. ಕಾರು ಶಾಲೆಯ ಮುಂದೆ ನಿಂತ ದಿನವೇ ಅವನು ಹಾಡಿನ ಮೇಷ್ಟ್ರಾದ.

ಕೆಂಪಕ್ಕ ಸಗಣಿಯ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಯಾಕ್ ಮೇಷ್ಟ್ರೇ, ಆಗ್ಲೇ ನೀವೇ ಗುಡಿಸ್ಬುಟ್ಟಿದ್ದೀರಾ?"

ಹೊತ್ತಾಗುತ್ತದೆ, ಅವರು ಬರುವ ಹೊತ್ತು ಎಂದು ಅವನು ಏನೋ ಹೇಳಿದ. ಅವಳು ಹೊಸ ಚಾಪೆಯನ್ನು ನೋಡಿದಳು, ಮೂಲೆಗಳನ್ನು ನೋಡಿದಳು, ಅವನ ಒದ್ದೆ ಕೈಯನ್ನು ನೋಡಿದಳು. ಅವಳ ಕಣ್ಣು ಕೈಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತೆಂದು ಅವನಿಗೆ ತೋರಿತು. ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದ ಮೇಲೆ ಪಂಚೆಗೂ ತಗುಲಿತಲ್ಲ ಎನ್ನಿಸಿತು. ಅಂಗಳ ಸಾರಿಸಿದರೆ ಸಾಕು ಎಂದು ಅವಳನ್ನು ಕಳಿಸಿದ. ಅವಳು ಬಗ್ಗಿ ಸಾರಿಸುವುದನ್ನು ಕಿಟಕಿಯಿಂದ ನೋಡುತ್ತ, ಎರಡು ಇಲಿ ಬಿದ್ದರೆ ಹೇಳುತ್ತೇನೆ, ಒಂದಕ್ಕೆ ಹೇಳಬೇಕಾಗಿಲ್ಲ ಎಂದು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡ. ಇದೂ ಔಷಧಿ ತಿಂದ ಇಲಿಯೇ ಇರಬಹುದು. ಆದರೆ ಔಷಧಿ ತಿಂದದ್ದು ಹಾಗೆ ಸುತ್ತು ತಿರುಗುವುದಿಲ್ಲ, ಮನುಷ್ಯನ ಕಾಲ ಬಳಿಗೆ ಬರುವುದಿಲ್ಲ. ಸಿರಾದಲ್ಲಿ ಚಿಕ್ಕಂದಿನಲ್ಲಿ ಅವನು ನೋಡಿದ್ದ. ಪಡಸಾಲೆಯಲ್ಲಿ ಹೀಗೆಯೇ ಒಂದು ತಿರುಗಿ ಬಿದ್ದ ಎಂಟು ದಿನಕ್ಕೆ ಅವ್ವ ಎಡಗೈ ಎತ್ತುವುದನ್ನು ಬಿಟ್ಟಳು. ಕೊಡವನ್ನು ಬಲಗೈಯಲ್ಲೇ ಎತ್ತುವಳು, ತಲೆಯನ್ನು ಒಂದೇ ಕೈಯಲ್ಲಿ ಬಾಚಿಕೊಳ್ಳುವಳು. ಕಂಕುಳಲ್ಲಿ ಎದ್ದದ್ದನ್ನು ಸೆರಗಿನಲ್ಲಿ ಮುಚ್ಚಿಟ್ಟಿದ್ದಳು. ಗೊತ್ತಾದರೆ ಊರಾಚೆ ಸಾಗಿಸುತ್ತಾರೆಂಬ ಹೆದರಿಕೆ. ರಾತ್ರಿ ಅವನನ್ನು ಪಕ್ಕದಲ್ಲೇ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ಅವಳ ಮೈ ತಣ್ಣಗಿತ್ತು. ಅವನಿಗೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲವೆಂದು ಯಾರೂ ಹೇಳಲಿಲ್ಲ. ರೇಣುಕಯ್ಯ ಅಂಗಿಯೊಳಗೆ ಕೈ ಹಾಕಿ ಕಂಕುಳನ್ನು ಒತ್ತಿ ನೋಡಿಕೊಂಡ. ಇಷ್ಟು ಬೇಗ ಏಳುವುದಿಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ ಒತ್ತಿದ.

ಕಾರು ಬಂದಾಗ ಊರಿನ ಅರ್ಧ ಜನ ಬಾಗಿಲ ಮುಂದಿದ್ದರು. ನಂದೀಶ್ವರಯ್ಯನವರು ಬೆಳ್ಳಗೆ ಒಗೆದ ಪಂಚೆಯಲ್ಲಿ ಇಳಿದು, ಯಾವಾಗಿನಂತೆ ಅವನ ಎರಡೂ ಕೈ ಹಿಡಿದುಕೊಂಡರು. ಬಲಗೈಯನ್ನು ಬಿಡಿಸಿಕೊಳ್ಳಬೇಕೆಂದು ರೇಣುಕಯ್ಯ ಎಳೆದ. ಅದನ್ನವರು ಸಂಕೋಚವೆಂದು ತಿಳಿದು ಇನ್ನೂ ಬಿಗಿಯಾಗಿ ಹಿಡಿದರು. ಒಳಗೆ ಸೆಕೆ, ಹುಣಸೆಮರದ ಕೆಳಗೆ ಕೂತರಾಗದೇ ಎಂದು ಅವನು ಕೇಳಿದ. ಬಯಲಲ್ಲಿ ಗಾಳಿಗೆ ತಂಬೂರಿಯ ನಾದವೇ ಕೇಳುವುದಿಲ್ಲ, ಮಕ್ಕಳ ಗಂಟಲು ಚದುರುತ್ತದೆ ಎಂದು ಅವರು ವಿವರಿಸಿದರು. ಮಾಘದ ಬೆಳಗಿನಲ್ಲಿ ಸೆಕೆಯೆಂದದ್ದಕ್ಕೆ ಒಬ್ಬ ವಿದ್ಯಾರ್ಥಿ ಇನ್ನೊಬ್ಬನ ಮುಖ ನೋಡಿದ. ಹಾಗಾದರೆ ತಾವಾದರೂ ಕುರ್ಚಿಯ ಮೇಲೆ ಕೂತುಕೊಳ್ಳಿ ಎಂದು ಪಟೇಲನ ಮನೆಯಿಂದ ತರಿಸಿದ್ದ ಕುರ್ಚಿಯನ್ನು ಎಳೆದ. ಗೋಗರೆದ ಎಂದೇ ಹೇಳಬೇಕು. ಸತ್ತ ಇಲಿಯ ಮೈ ಬಿಟ್ಟ ಚಿಗಟ ಕಚ್ಚಿಯೇ ಪ್ಲೇಗು ಬರುವುದು, ಆದರೆ ದೊಡ್ಡ ಚಿಗಟವೂ ಮೊಣಕಾಲಿನೆತ್ತರಕ್ಕೆ ಹಾರಲಾರದು ಎಂಬುದನ್ನು ಅವನು ಎಲ್ಲೋ ಓದಿದ್ದ. ನಂದೀಶ್ವರಯ್ಯನವರು ನಕ್ಕು, ಜೊತೆಗಾರರಲ್ಲಿ ಮೇಲೆ ಕೆಳಗೆ ಏನು ಮೇಷ್ಟ್ರೇ ಎಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಕೂತದ್ದು ಸರಿಯಾಗಿ ಇಲಿ ಬಿದ್ದಿದ್ದ ಜಾಗದ ಮೇಲೆ. ಕುರ್ಚಿಯಲ್ಲಿ ಪಟೇಲ ಕೂತ.

ಮಕ್ಕಳು ಸಾಲಾಗಿ ಕೂತರು. ತಂಬೂರಿ ಮೀಟಿದಾಗ ಗೋಡೆಯ ಆಚೆಯೂ ಏನೋ ಸರಿದಾಡಿದಂತೆ ಕೇಳಿತು. ಕಡಲೆಕಾಯಿ ಮೂಟೆಗಳ ನಡುವೆ ಎಷ್ಟು ಇರಬಹುದು, ಈಗ ಎಷ್ಟು ತಿರುಗುತ್ತಿರಬಹುದು. ಮಕ್ಕಳೆಲ್ಲ ಒಟ್ಟಿಗೆ ಸ್ವರ ಹಿಡಿದವು. ಹೋದ ವರ್ಷ ಒಂದೊಂದು ಒಂದೊಂದು ಕಡೆ ಎಳೆಯುತ್ತಿದ್ದ ಗಂಟಲುಗಳು ಈಗ ಒಂದೇ ಆಗಿದ್ದವು. ಇದನ್ನು ಮಾಡಿದ್ದು ನಾನು ಎಂದು ಅವನಿಗೆ ಎದೆ ತುಂಬಬೇಕಾಗಿತ್ತು. ಆದರೆ ಬಾಯಿ ತೆರೆದು ಕೂತ ಆ ಮುಖಗಳಲ್ಲಿ ಅವನು ಬೇರೆಯದನ್ನೇ ಹುಡುಕುತ್ತಿದ್ದ. ಕುಂಬಾರರ ಹುಡುಗನ ಕಣ್ಣು ಕೆಂಪಾಗಿದೆಯೇ? ಹಿಂದಿನ ಸಾಲಿನವನು ಕತ್ತು ಯಾಕೆ ಹಾಗೆ ವಾಲಿಸಿದ್ದಾನೆ? ಈಗ ಹೇಳಬೇಕು. ಈ ಹಾಡು ಮುಗಿಯಲಿ. ಗಂಗುವಿನದು ಒಂದು ಆಗಲಿ. ಗಂಗು ಎದ್ದು ಹಾಡಿದಳು, ಅಪ್ಪನ ಕಡೆಗೆ ಒಂದು ಸಲವೂ ನೋಡದೆ, ಮೈಸೂರನ್ನೇ ಎದುರಿಗೆ ಕಂಡವಳ ಹಾಗೆ. ಮುಗಿದಾಗ ನಂದೀಶ್ವರಯ್ಯನವರು ಕಣ್ಣು ಮುಚ್ಚಿಕೊಂಡೇ ತಲೆದೂಗಿದರು. ಇವಳನ್ನು ಕರೆದುಕೊಂಡೇ ಹೋಗುವುದು ಎಂದರು. ಜನ ಸಂತೋಷದಿಂದ ಗುಜುಗುಟ್ಟಿದರು. ಪಟೇಲ ಕೂಡ, ಭೇಷ್ ಮೇಷ್ಟ್ರೇ ಎಂದ. ಆ ಮಾತು ಬರುವುದಕ್ಕೆ ಎರಡು ವರ್ಷ ಹಿಡಿದಿತ್ತು. ಇನ್ನು ಹೇಳುವುದು ಹೇಗೆ ಎಂದು ರೇಣುಕಯ್ಯನಿಗೆ ಅನ್ನಿಸಿತು. ಇನ್ನು ಸಂಜೆ, ಅವರು ಹೊರಟ ಮೇಲೆ.

ಆಮೇಲೆ ಹೊನ್ನಿಯ ಸರದಿ. ಕುರಿ ಹಟ್ಟಿಯ ಹಾಡನ್ನು ಅವಳು ಒಂದು ಸಾಲು ಎತ್ತಿಕೊಟ್ಟರೆ ವಿದ್ಯಾರ್ಥಿಗಳು ಅದನ್ನೇ ಹಿಂದೆ ಹೇಳುತ್ತಿದ್ದರು. ಕೆಂಪಕ್ಕ ಬಾಗಿಲ ಪಕ್ಕ ಗೋಡೆಗೊರಗಿ ನಿಂತು ಮೊಮ್ಮಗಳ ಬಾಯನ್ನೇ ನೋಡುತ್ತಿದ್ದಳು. ಹೊನ್ನಿ ಹಾಡುತ್ತ ಹಾಡುತ್ತ, ಹಾಡು ನಿಲ್ಲಿಸದೆಯೇ, ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲಿನ ಹರಡನ್ನು ಕೆರೆದುಕೊಂಡಳು. ಮಗು ಕಾಲು ಕೆರೆದುಕೊಳ್ಳುವುದೇನು ಹೊಸದಲ್ಲ. ಆದರೆ ಅವಳ ಪಕ್ಕದಲ್ಲಿ ಕೂತಿದ್ದ ಗಂಗುವೂ ಬಗ್ಗಿ ಪಾದ ಕೆರೆದುಕೊಂಡಳು; ನಂದೀಶ್ವರಯ್ಯನವರ ಬಿಳಿಯ ಪಂಚೆಯ ಮಡಿಕೆಯ ಮೇಲೆ ಎಳ್ಳಿನಷ್ಟು ಕಪ್ಪಗಿದ್ದದ್ದೊಂದು ಕಂಡಿತು, ಇನ್ನೊಂದು ಗಳಿಗೆಗೆ ಇರಲಿಲ್ಲ. ಎದ್ದು ನಿಂತದ್ದು ತಾನೇ ಎಂದು ರೇಣುಕಯ್ಯನಿಗೆ ಗೊತ್ತಾದದ್ದು ಎಲ್ಲರೂ ತನ್ನ ಕಡೆ ತಿರುಗಿದಾಗ.

"ಹಾಡು ಸಾಕು," ಎಂದ. "ಎಲ್ಲರೂ ಆಚೆ ನಡೀರಿ. ಇಲ್ಲಿ ಇಲಿ ಬಿದ್ದಿದೆ."

ಹೊನ್ನಿ ಸಾಲಿನ ನಡುವೆ ನಿಲ್ಲಿಸಿದಳು. ತಂಬೂರಿ ಹಿಡಿದಿದ್ದ ವಿದ್ಯಾರ್ಥಿ ಮಾತ್ರ ತಿಳಿಯದೆ ಇನ್ನೂ ಸ್ವಲ್ಪ ಹೊತ್ತು ಮೀಟುತ್ತಿದ್ದ. ಮೊದಲು ಬಾಗಿಲ ಹತ್ತಿರ ಯಾರೋ ಕಿಚ್ ಎಂದರು. ನಗು ಅಲ್ಲಿಂದ ಒಳಕ್ಕೆ ಬಂತು. ಪಟೇಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೈಸೂರಿನವರಿಗೂ ಕೇಳಲೆಂದು ನಿಧಾನವಾಗಿ ಹೇಳಿದ:

"ಇನ್ನೊಂದ್ ಸಲ ಊರ್‍ನೆಲ್ಲ ಹೊಲದಲ್ಲಿ ಮಲಗಿಸ್ಬೇಕು ಅಂತ ಮಾಡಿದೀರಾ ಮೇಷ್ಟ್ರೇ?"

ಹಿಂದಿನ ಕತೆಯನ್ನು ಪಟೇಲನೇ ನಂದೀಶ್ವರಯ್ಯನವರಿಗೆ ವಿವರಿಸಿದ. ಆ ಹೆಸರನ್ನೂ ಹೇಳಿದ. ಗಂಗುವಿನ ಮುಖ ಕಪ್ಪಿಟ್ಟಿತು; ಅವಳು ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡಳು. ನಂದೀಶ್ವರಯ್ಯನವರು ಮೆಲ್ಲನೆ, ಇಲಿ ಎಲ್ಲಿದೆ ತೋರಿಸುತ್ತೀರಾ ಎಂದು ಕೇಳಿದರು. ಎಲ್ಲರೂ ಹಿತ್ತಲಿಗೆ ಹೋದರು. ರೇಣುಕಯ್ಯ ಪಾಪಾಸುಕಳ್ಳಿಯೊಳಗೆ ಕೋಲು ಹಾಕಿ ಕೆದಕಿದ, ಕೈ ಹಾಕಿ ತಡಕಿದ. ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂತು. ಇಲಿ ಇರಲಿಲ್ಲ. ಹದ್ದೋ ಬೆಕ್ಕೋ ಒಯ್ದಿರಬೇಕು. ಮಂಡಿಯೂರಿ ಬೇಲಿಯ ಕೆಳಗೆ ಇಣುಕುತ್ತಿದ್ದವನ ಹಿಂದೆ ಊರು ಮತ್ತೆ ನಕ್ಕಿತು; ಈ ಸಲ ಮುಚ್ಚುಮರೆಯಿಲ್ಲದೆ. ಸರಿ, ಒಳಗೆ ನಡೆಯಿರಿ, ಹಾಡು ಮುಂದುವರಿಯಲಿ ಎಂದ ಪಟೇಲ. ಮಕ್ಕಳು ಬಾಗಿಲ ಕಡೆಗೆ ಹೊರಟರು. ಒಂದು ಕ್ಷಣ, ಪ್ಲೇಗೇ ಬರಲಿ ಎಂದು ಅವನ ಮನಸ್ಸು ಬಯಸಿತು. ಬಯಸಿದ್ದು ತಿಳಿದು, ಗಂಗುವಿನ ಕಾಲು ಹೊಸಿಲಿನ ಕಡೆಗೆ ಹೊರಟಿದ್ದದ್ದು ಕಂಡು, ರಕ್ತದ ಕೈಯನ್ನು ನೆಲಕ್ಕೆ ಊರಿ ಎದ್ದ.

ಕೆಂಪಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮೇಷ್ಟ್ರು ಹೇಳೋದು ದಿಟ," ಎಂದಳು. "ಮೊನ್ನೆ ಒಂದು ಬಿದ್ದಿತ್ತು. ನೆನ್ನೆ ಎರಡು. ನಾನೇ ಎತ್ಕೊಂಡೋಗಿ ತಿಪ್ಪೇಲಿ ಹೂತುಬುಟ್ಟೆ."

ಯಾಕಮ್ಮ ಹೇಳಲಿಲ್ಲ ಎಂದು ನಂದೀಶ್ವರಯ್ಯನವರು ಕೇಳಿದರು.

"ಹೇಳಿದ್ರೆ ಮತ್ತೆ ಗುಡಿಸ್ಲಿಗೆ ಹೋಗ್ಬೇಕಲ್ಲ ಸ್ವಾಮಿ. ಈ ಚಳೀಲಿ."

ಅವಳು ರೇಣುಕಯ್ಯನ ಕಡೆಗೆ ನೋಡಲಿಲ್ಲ. ಹೊನ್ನಿಯ ಕೈ ಹಿಡಿದುಕೊಂಡು ಅಂಗಳ ದಾಟಿ ಹೊರಟಳು. ಸಾರಿಸಿದ ಅಂಗಳದ ಮೇಲೆ ಇಬ್ಬರ ಹೆಜ್ಜೆ ಮೂಡಿದವು. ಈಗ ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಕ್ಕಳನ್ನು ಹುಡುಕಿ ಎಳೆದುಕೊಂಡು ಹೋದರು. ಪಟೇಲ ಕುರ್ಚಿಯನ್ನು ಅಲ್ಲೇ ಬಿಟ್ಟು ಹೋದ. ವಿದ್ಯಾರ್ಥಿಗಳು ಆಗಲೇ ಕಾರಿನ ಹತ್ತಿರ ನಿಂತು ಪಂಚೆ ಝಾಡಿಸಿಕೊಳ್ಳುತ್ತಿದ್ದರು. ನಂದೀಶ್ವರಯ್ಯನವರು ಹತ್ತುವ ಮುಂಚೆ ಅವನ ಬಳಿಗೆ ಬಂದರು. ಈ ಸಲ ಕೈ ಹಿಡಿಯಲಿಲ್ಲ.

"ನಾವು ಬಂದಾಗಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಇನ್ನೇನೋ ಹೇಳುವರೆಂದು ಅವನು ಕಾದ. ಅವರು ತಮ್ಮ ಪಾದಗಳನ್ನು ನೋಡಿಕೊಂಡರು, ಕಾರಿನೊಳಗಿದ್ದ ಹುಡುಗರನ್ನು ನೋಡಿದರು, ತಲೆಯಾಡಿಸಿ ಹೊರಟುಹೋದರು. ಬಯ್ದಿದ್ದರೆ ಹೊತ್ತುಕೊಳ್ಳಬಹುದಾಗಿತ್ತು. ಆದರೆ ದೊಡ್ಡ ಮನುಷ್ಯರೇ ಅವರು. ಮಧುಗಿರಿಯಲ್ಲಿ ಅಮಲ್ದಾರರಿಗೆ ತಿಳಿಸಿಯೇ ಮುಂದೆ ಹೋದರೆಂದು ಕಾಣುತ್ತದೆ. ಊರು ಆ ರಾತ್ರಿಯೇ ಮನೆ ಬಿಟ್ಟು ಹೊಲದ ಗುಡಿಸಲುಗಳಿಗೆ ಹೋಯಿತು. ಮಾರನೆಯ ದಿನವೇ ಪ್ಲೇಗಿನ ಸೂಜಿ ಹಾಕುವವರು ಬಂದು ಹೊಲದಲ್ಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ನೋವಿಗೆ ಗಂಗು ಅಳಲಿಲ್ಲ. ಅವಳು ಆ ದಿನದಿಂದ ಅಪ್ಪನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಇನ್ನು ಮೈಸೂರಿಗೆ ಹೋಗುವುದಿಲ್ಲವಾ ಎಂದು ಒಂದೇ ಸಲ ಕೇಳಿದ್ದಳು. ಅವನು ಗೊತ್ತಿಲ್ಲ ಎಂದಿದ್ದ. ಗೊತ್ತಿತ್ತು. ಕಾರು ಆ ಊರಿಗೆ ಮತ್ತೆ ಬರಲಿಲ್ಲ.

ಊರಲ್ಲಿ ಇಲಿಗಳು ಬೀಳುತ್ತಲೇ ಇದ್ದವು. ಮನೆಯಲ್ಲಿ ಮರೆತ ಒಡವೆಯ ಪೆಟ್ಟಿಗೆಗೆಂದು ಹಿಂದಕ್ಕೆ ಹೋಗಿ ಬಂದ ಪಟೇಲನ ತಂಗಿ ಚಿಕ್ಕಲಕ್ಷ್ಮಮ್ಮ ಮೊದಲು ಹೋದಳು. ಆಮೇಲೆ ಕುಂಬಾರರ ಕೇರಿಯಲ್ಲಿ ಗಂಡ ಹೆಂಡತಿ. ಸೂಜಿ ಹಾಕಿಸಿಕೊಂಡ ಮಕ್ಕಳು ಉಳಿದರು. ಇಲಿ ಮೇಷ್ಟ್ರು ಎಂದು ಈಗ ಯಾರೂ ಅನ್ನಲಿಲ್ಲ. ಮೇಷ್ಟ್ರಿಂದ ಉಳಿದೆವು ಎಂದೂ ಅನ್ನಲಿಲ್ಲ. ಅವನು ಹೊತ್ತು ಹೊತ್ತಿಗೂ ಗಂಗುವಿನ ಹಣೆ ಮುಟ್ಟಿ ನೋಡುವನು, ಅವಳು ಮುಖ ಆಚೆ ತಿರುಗಿಸುವಳು. ತನ್ನ ಕಂಕುಳು, ತೊಡೆಯ ಸಂದುಗಳನ್ನು ಒತ್ತಿ ಒತ್ತಿ ಅಲ್ಲೆಲ್ಲ ನೋವೇ ಎದ್ದಿತ್ತು. ಆ ನೋವೇ ಗಡ್ಡೆಯೆಂದು ಮತ್ತೆ ಹೆದರುವನು. ಹೀಗಿರುವಾಗ ಒಂದು ಬೆಳಿಗ್ಗೆ ಹೊನ್ನಿ ಒಬ್ಬಳೇ ತನ್ನ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅವನ ಗುಡಿಸಲ ಮುಂದೆ ನಿಂತಳು. ಅಜ್ಜಿ ಮೇಷ್ಟ್ರ ಹತ್ತಿರ ಹೋಗಿರು ಎಂದಿದ್ದಳು. ಗಂಗು ಎದ್ದು ಬಂದು ಹೊನ್ನಿಯ ಕಂಬಳಿ ಇಳಿಸಿಕೊಂಡು ತನ್ನ ಚಾಪೆಯ ಪಕ್ಕ ಹಾಸಿದಳು.

ಕೆಂಪಕ್ಕನ ಗುಡಿಸಲು ಎಲ್ಲರದ್ದಕ್ಕಿಂತ ಆಚೆ, ಜಾಲಿಮರಗಳ ನಡುವೆ ಇತ್ತು. ಜ್ವರವೆಂದು ತಿಳಿದ ಮೇಲೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಅಂಬಲಿಯ ಮಡಕೆಯನ್ನು ದಾರಿಯ ಕಲ್ಲಿನ ಮೇಲಿಟ್ಟು ಕೂಗಿ ಓಡಿಬರುತ್ತಿದ್ದರು. ರೇಣುಕಯ್ಯ ಆ ಕಲ್ಲಿನವರೆಗೆ ಹೋದ. ಅಲ್ಲಿಂದ ಕಾಲು ಬರಲಿಲ್ಲ. ಅವಳು ಬೆಳಿಗ್ಗೆ ಬೆಳಿಗ್ಗೆ ಇಲಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಿಪ್ಪೆಗೆ ನಡೆದಿದ್ದಿರಬೇಕು, ಯಾರಿಗೂ ಕಾಣದಂತೆ, ಅವನು ಬೀಗ ತೆಗೆಯುವ ಮುಂಚೆ ಹಿತ್ತಲ ಬಾಗಿಲಿಂದ ಬಂದು. ಒಂದು ಕೂಸು ಗುಡಿಸಲಿನಲ್ಲಿ ಹೋಗಿತ್ತು, ಇನ್ನೊಂದು ಹೋಗದಿರಲೆಂದು. ಅವಳು ಹೆದರಿದ್ದು ಇಲಿಗಲ್ಲ, ಮೇಷ್ಟ್ರ ಕೂಗಿಗೆ ಎಂಬುದು ಅವನಿಗೆ ಅಲ್ಲಿ ನಿಂತಾಗ ತಿಳಿಯಿತು. ಆ ಕೂಸಿನ ವಿಷಯ ಒಂದು ಮಾತು ಹೇಳಬೇಕೆಂದು ಬಂದಿದ್ದ. ಎರಡು ವರ್ಷದಿಂದ ಬಾಯಲ್ಲಿದ್ದ ಮಾತು. ಅದರ ಬದಲು ಕೆಮ್ಮಿದ.

"ಯಾರು?" ಎಂದಿತು ಒಳಗಿನ ದನಿ.

"ನಾನಮ್ಮ. ಮೇಷ್ಟ್ರು."

"ಹೊನ್ನಿ ಉಂಡ್ಳಾ?"

ಉಂಡಳು, ಗಂಗುವಿನ ಜೊತೆ ಆಡುತ್ತಿದ್ದಾಳೆ ಎಂದ. ಸೋಗೆಯ ಸಂದಿಯಿಂದ ಕಂಬಳಿಯ ಒಂದು ಅಂಚು ಮಾತ್ರ ಕಾಣುತ್ತಿತ್ತು. ಇನ್ನೆರಡು ದಿನಕ್ಕೆ ಅವಳು ಹೋದಳು; ಆ ಎರಡು ದಿನವೂ ಅವನು ಬಂದ. ಆದರೆ ಆ ಮೊದಲ ಬೆಳಿಗ್ಗೆ ಅವನಿಗೆ ಅದಾವುದೂ ಗೊತ್ತಿರಲಿಲ್ಲ. ಬಂದದ್ದಾಯಿತು, ಕೇಳಿದ್ದಾಯಿತು, ಇನ್ನು ಹಿಂತಿರುಗಬಹುದು ಎಂದು ಕಾಲು ಹೇಳುತ್ತಿತ್ತು. ಅಷ್ಟರಲ್ಲಿ ಕೆಂಪಕ್ಕ, ಪಕ್ಕದಲ್ಲಿ ಕೂತವರನ್ನು ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಹೆದ್ರಿಕೆ ಆಯ್ತದಾ ಮೇಷ್ಟ್ರೇ?"

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಆಗ್ತದೆ," ಎಂದ.

"ನಂಗೂ ಆಯ್ತದೆ ಕಣಪ್ಪ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಹೋಗ್ಬ್ಯಾಡಿ. ಅಲ್ಲೇ ವಸಿ ಕೂತ್ಕಳಿ."

ರೇಣುಕಯ್ಯ ಅಂಬಲಿಯ ಮಡಕೆಯನ್ನು ಪಕ್ಕಕ್ಕೆ ಸರಿಸಿ ಕಲ್ಲಿನ ಮೇಲೆ ಕೂತ. ಬಿಸಿಲೇರಿದಂತೆ ಜಾಲಿಯ ನೆರಳು ಕಲ್ಲನ್ನು ಬಿಟ್ಟು ಗುಡಿಸಲ ಕಡೆಗೆ ಸರಿಯಿತು. ಅವನು ಎದ್ದು ಮಡಕೆಯನ್ನು ಎತ್ತಿಕೊಂಡು ನೆರಳಿನೊಳಕ್ಕೆ ಹೋಗಿ ಕೂತ. ಅದು ಮತ್ತೆ ಸರಿಯಿತು. ಅವನೂ ಸರಿದ.